ಹುಲಿ ನೋಡಲು ಬಸ್ಸೇ ಆಗಬೇಕು

ಇವರೇ,

ಪಿಲಿಕುಳದ ಮೃಗಾಲಯಕ್ಕೆ ನಿಮ್ಮ ತಮ್ಮ ಶಶಿರಾಜನ ಕಾರು ಬೇಡ. ಐದು ಮಂದಿಯ ಕಾರಿನಲ್ಲಿ ಎಂಟು ಮಂದಿಯನ್ನು ತುಂಬಿಸಿ, “ಪೊಲೀಸರು ಕಂಡರೆ ತಲೆ ತಗ್ಗಿಸು ಮಾರಾಯ್ತಿ” ಎಂದು ಮೊಮ್ಮಗಳು ಬ್ರಾಹ್ಮಿಗೆ ಕಲಿಸುತ್ತಾನೆ, ನೀವೂ ನಗುತ್ತೀರಿ. ಮೇಲಾಗಿ, ದಾರಿಯುದ್ದಕ್ಕೂ ಚಹಾಕ್ಕೆ ನಿಲ್ಲಿಸುವ ಅವನನ್ನು ನಂಬಿದರೆ ರಾತ್ರಿ ಉಣ್ಣದ ನಮಗೆ ಸೂರ್ಯಾಸ್ತಕ್ಕೆ ಮೊದಲು ಊಟವಾಗದು. ಬಸ್ಸು ವಾಮಂಜೂರಿನವರೆಗೆ ನೇರ ಉಂಟು. ಮುಂದಕ್ಕೆ ರಿಕ್ಷಾ ಸಿಗುತ್ತದೆ.

ನಾನು ಬಸದಿಗೆ ಹೋಗಿ, ಅಲ್ಲಿಂದಲೇ ತೋಡಾರಿನ ಬಸ್ ನಿಲ್ದಾಣಕ್ಕೆ ಬರುತ್ತೇನೆ. ಬ್ರಾಹ್ಮಿಗೆ ಜಡೆ ಹಾಕಿ, ಸೋಸಿದ ನೀರು ತುಂಬಿಸಿಕೊಂಡು ಬನ್ನಿ.

ನಿವೃತ್ತಿಯವರೆಗೂ ತರಗತಿಯಲ್ಲಿ ಹುಲಿಯ ಪಾಠ ಮಾಡಿದೆ. ಕಣ್ಣಾರೆ ಕಂಡದ್ದು ವೇಷದ ಹುಲಿಯನ್ನು ಮಾತ್ರ. ಇವತ್ತು ನಿಜವಾದದ್ದನ್ನು ನೋಡುವೆನೆಂದು ಬೆಳಗ್ಗಿನಿಂದ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಬಸ್ಸಿನಲ್ಲಿ ಕಿಟಕಿಯ ಸೀಟು ಬ್ರಾಹ್ಮಿಗೆ. ಹುಲಿಯ ಎದುರು ಮೊದಲು ನಿಲ್ಲುವುದು ನಾನು. ಅವಳಿಗೆ ಈಗಲೇ ಹೇಳಿಡಿ.

ಅನಂತಮತಿ