ಬಳೆ ತೊಟ್ಟ ಕಲ್ಲು

ಕುರುಗೋಡು
೯ ಜನವರಿ ೨೦೨೬, ಶುಕ್ರವಾರ

ಪ್ರೀತಿಯ ತಂಗಿ ಸುವರ್ಣಮ್ಮಾ,

ಹೇಗಿದ್ದೀಯವ್ವಾ? ಸತ್ಯನಾರಾಯಣಪೇಟೆಯ ಆ ಬಾಡಿಗೆ ಕೋಣೆಗೆ ನೀರು ಸರಿಯಾಗಿ ಬರುತ್ತದೆಯೇ? ಜೀನ್ಸ್ ಹೊಲಿದು ಹೊಲಿದು ಕತ್ತುನೋವು ಎಂದಿದ್ದೆಯಲ್ಲ, ಎಣ್ಣೆ ತಿಕ್ಕಿಕೋ. ಶೇಖರನನ್ನು ಕೇಳಿದೆನೆಂದು ಹೇಳು. ಮುಂದಿನ ತಿಂಗಳ ನಿಮ್ಮ ಮದುವೆಗೆಂದು ಅಂಗಿ ಹೊಲಿಸಿದ್ದೇನೆ. ಗುಂಡಿ ಕೂಡುತ್ತಿಲ್ಲ; ಹೊಟ್ಟೆ ಮುಂದೆ, ಬಟ್ಟೆ ಹಿಂದೆ. ಫೋನ್ ಮಾಡಬಹುದಿತ್ತು. ಆ ಕಡೆ ನಿನ್ನ ದನಿ ಕೇಳಿದರೆ ಹೇಳಬೇಕಾದ್ದು ಬಿಟ್ಟು ಬೇರೇನೋ ಹೇಳಿಬಿಡುತ್ತೇನೆ. ಅದಕ್ಕೇ ಊರವರ ಕಣ್ಣು ತಪ್ಪಿಸಿ ಇಲ್ಲಿ ಕುರುಗೋಡಿನ ಅಂಚೆ ಕಚೇರಿಯ ಬೆಂಚಿನ ಮೇಲೆ ಕೂತಿದ್ದೇನೆ.

ಗಡಿಯಲ್ಲಿ ತೀರಿಕೊಂಡ ನಿನ್ನ ಗಂಡ, ನನ್ನ ತಮ್ಮ ಓಬಳೇಶನ ಹೆಸರಲ್ಲಿ ಊರವರು ಕಲ್ಲು ನಿಲ್ಲಿಸುತ್ತಾರೆ ಎಂದಿದ್ದೆನಲ್ಲ, ನಿಲ್ಲಿಸಿದ್ದಾರೆ. ಸಿರುಗುಪ್ಪದ ತಿಪ್ಪೇಸ್ವಾಮಿ ಕೆತ್ತಿದ್ದು. ಮಾದರಿ ಯಾವುದೆಂದು ಅವನು ಕೇಳಿದಾಗ ಕಮಿಟಿಯ ಜಂಬಣ್ಣ ಊರ ಅಗಸಿ ಬಾಗಿಲ ಹಳೇ ವೀರಗಲ್ಲು ತೋರಿಸಿ, "ಹಿಂಗ ಇರ್ಲಿ, ಒಂದು ಗೆರಿ ತಪ್ಪಬಾರದು" ಅಂದನಂತೆ. ತಪ್ಪಿಲ್ಲ. ಕತ್ತಿ ಹೋಗಿ ಕೋವಿ ಬಂದಿದೆ, ರುಮಾಲು ಹೋಗಿ ಟೋಪಿ ಬಂದಿದೆ. ಮೀಸೆಯೇ ಮೂಡದ ನಮ್ಮ ಹುಡುಗನಿಗೆ ಹಳೇ ವೀರನ ಮೀಸೆ. ಪಕ್ಕದಲ್ಲಿ, ಹಳೇ ಕಲ್ಲಿನಲ್ಲಿದ್ದ ಹಾಗೆಯೇ, ಬಳೆ ತೊಟ್ಟು ಮೇಲೆತ್ತಿದ ಹೆಂಗಸಿನ ಕೈ. ಮಾಸ್ತಿ ಕೈ. ಗಂಡನ ಜೊತೆ ಚಿತೆ ಏರಿದವಳಿಗೆ ಹಾಕುವ ಗುರುತು.

"ಲೇ ಜಂಬಣ್ಣ, ಆಕಿ ಬಳ್ಳಾರಿಯಾಗ ಪ್ಯಾಂಟ್ ಹೊಲಿಯಾಕ ಹತ್ಯಾಳಲೇ" ಅಂದೆ. ಕೈ ತೆಗೆಸು ಅಂದೆ. "ಉಳಿ ಹಚ್ಚಿದ್ರ ಕಲ್ಲು ಭಿನ್ನ ಆಗತೈತಿ. ಭಿನ್ನ ಆದದ್ದನ್ನ ಪೂಜಿ ಮಾಡಾಕ ಬರಂಗಿಲ್ಲ" ಅಂದ. ಪೂಜೆ ಆಗಲೇ ಶುರುವಾಗಿತ್ತು. ಹೆಂಗಸರು ಆ ಕೈಗೆ ಅರಿಶಿನ ಮೆತ್ತುತ್ತಿದ್ದರು. ಸತಿಯ ಪೂಜೆ ಅಪರಾಧವೆಂದು ನಾನು ಕಾನೂನು ಹೇಳಿದೆ, ಅವರು ಕಾಯಿ ಒಡೆದರು. ಬಿ.ಎ. ಓದಿದ್ದಕ್ಕೆ ನನಗೆ ಕೊಟ್ಟ ಕೆಲಸ ಒಂದೇ, ಕಲ್ಲಿನ ಬುಡಕ್ಕೆ ನಾಲ್ಕು ಸಾಲು ಪದ್ಯ. ಬರೆಯಲಿಲ್ಲ. ಪ್ರಾಸ ಹೊಳೆಯುತ್ತದೆ, ತ್ರಾಸ ಕಳೆಯುವುದಿಲ್ಲ.

ಒಡೆದೇಬಿಡೋಣ ಅನ್ನಿಸಿತ್ತು. ಆದರೆ ಅವ್ವ ದಿನಾ ಬೆಳಿಗ್ಗೆ ಹೋಗಿ ಆ ಮೀಸೆಯ ಮುಖವನ್ನು ಸೆರಗಿನಿಂದ ಒರೆಸುತ್ತಾಳೆ. "ನನ ಮಗನ ಮ್ಯಾಲ ಧೂಳ ಕುಂತೈತಿ" ಅನ್ನುತ್ತಾಳೆ. ಅದನ್ನು ನೋಡಿದ ಮೇಲೆ ಸುತ್ತಿಗೆ ಹಿಡಿಯುವುದು ನನ್ನಿಂದಾಗಲಿಲ್ಲ.

ಈಗ ನಿನ್ನ ಮದುವೆಯ ಸುದ್ದಿ ಊರಿಗೆ ಮುಟ್ಟಿದೆ. "ಕಲ್ಲಾಗ ಮಾಸ್ತೆವ್ವ ಆದಾಕಿ ಮತ್ತ ಬಾಸಿಂಗ ಕಟ್ಟಿದ್ರ ಊರು ಉಳಿತೈತೇನು?" ಇದು ಜಂಬಣ್ಣನ ಮಾತು, ಈಗ ಎಲ್ಲರ ಮಾತು. ಇಪ್ಪತ್ತಾರಕ್ಕೆ ಉದ್ಘಾಟನೆ. ನಿನ್ನನ್ನು ಕೂಡಿಸಿ, ಉಡಿ ತುಂಬಿ, ಇನ್ನು ಮದುವೆಯಾಗುವುದಿಲ್ಲ ಎಂದು ಕಲ್ಲು ಮುಟ್ಟಿಸಿ ಆಣೆ ಮಾಡಿಸಬೇಕೆಂದು ಕಮಿಟಿ ಗೊತ್ತುಮಾಡಿದೆ. ಬೇಡ ಅಂದವನು ನಾನೊಬ್ಬನೇ. ಅವ್ವ ತಲೆ ತಗ್ಗಿಸಿ ಕೂತಿದ್ದಳು.

ಹೊತ್ತು ಹೊತ್ತಿಗೆ ಉಣ್ಣು. ಶೇಖರ್ ಒಳ್ಳೆಯವನು. ನಿಮ್ಮಿಬ್ಬರ ಬಾಳು ಹಸನಾಗಲಿ.

ಇಂತಿ ನಿನ್ನ ಭಾವ,
ಕರಿಬಸವ

ತಾ.ಕ.: ಅಂಚೆ ಡಬ್ಬಿ ತೆಗೆಯುವವನು ಬಂದ, ಬೇಗ ಬರೆಯುತ್ತೇನೆ. ಇಪ್ಪತ್ತೈದರ ಭಾನುವಾರ ನಿನ್ನನ್ನು ಕರೆದೊಯ್ಯಲು ಜಂಬಣ್ಣನ ಕಾರು ಬರುತ್ತದೆ. ಅವ್ವ ಇರುತ್ತಾಳೆ. ನಾನೂ ಇರುತ್ತೇನೆ, ಬರುವುದಿಲ್ಲ ಎನ್ನಲು ಆಗಲಿಲ್ಲ. ಬಾಗಿಲು ತಟ್ಟಿ ಹೆಸರು ಹಿಡಿದು ಕೂಗುವವನು ನಾನೇ. ತೆಗೀಬ್ಯಾಡ.