ಹುರಿದ ಮಣ್ಣಿನ ನಿಂಬೆ ಸಸಿಗಳು

ಕೆರೆಬಿಳಚಿ, ೧೪ ಸೆಪ್ಟೆಂಬರ್ ೧೯೮೩, ಬುಧವಾರ

ಮಗು ಮಲಗಿತು. ದಿನಾ ಚಿಂತೆಗೆ ನಿದ್ದೆಗೆಡುವ ನಾನು ಇವತ್ತು ಹಿಗ್ಗಿಗೆ ಎಚ್ಚರವಿದ್ದೇನೆ. ಆದರೂ ಹತ್ತನೆಯ ಡಬ್ಬಿ ಕಾಡುತ್ತಿದೆ.

ಮಗುವಿನ ನೀರು ಎರಡೆರಡು ಸಲ ಕುದಿಸುವವಳು ನಾನು. ಬೂಷ್ಟು ಹತ್ತೀತೆಂದು ನಿಂಬೆ ಬೀಜ ಹಾಕುವ ಮಣ್ಣನ್ನೂ ಬಾಣಲೆಯಲ್ಲಿ ಹುರಿದಿದ್ದೆ. ಹಾಲಿನಪುಡಿಯ ಹತ್ತು ಡಬ್ಬಿಗಳಲ್ಲೂ ಸಸಿ ಹುಟ್ಟಿತು, ಬೆರಳುದ್ದಕ್ಕೇ ನಿಂತು ಹಳದಿಯಾಯಿತು. "ಬಿಎಸ್ಸಿ ಓದಿ ಮಣ್ಣಿಗೆ ಒಗ್ಗರಣೆ ಹಾಕಾಕೆ ಕಲ್ತಾಳೆ" ಎಂದು ಅತ್ತೆ ಪಕ್ಕದ ಮನೆಯ ನಿರ್ಮಲಮ್ಮನ ಮುಂದೆ ನಕ್ಕರು. ಅವತ್ತು ಅತ್ತಿದ್ದೆ.

ಆಮೇಲೆ ಕಾಲೇಜಿನ ಪಾಠ ನೆನಪಾಯಿತು. ಬೇರಿಗೆ ಅಂಟಿದ ಶಿಲೀಂಧ್ರ ಮಣ್ಣಿನ ಸಾರವನ್ನು ಗಿಡಕ್ಕೆ ಎಳೆದು ಕೊಡುತ್ತದೆ, ಗಿಡ ಅದಕ್ಕೆ ಸಕ್ಕರೆ ಉಣಿಸುತ್ತದೆ. ಅದನ್ನೇ ನಾನು ಹುರಿದು ಕೊಂದಿದ್ದೆ! ಹಿತ್ತಿಲ ಹಳೇ ನಿಂಬೆಮರದ ಬುಡದಿಂದ ಎಳೆಬೇರಿನ ಸಮೇತ ಮಣ್ಣು ತೆಗೆದು ಒಂಬತ್ತು ಡಬ್ಬಿಗೆ ಬೆರೆಸಿದೆ. ಹೋಲಿಸಿ ನೋಡಲು ಒಂದನ್ನು ಹಾಗೇ ಬಿಟ್ಟೆ.

ತಿಂಗಳುಗಟ್ಟಲೆ ಕಾದು ಇವತ್ತು ಅಳೆದೆ. ಒಂಬತ್ತೂ ಗೇಣುದ್ದ, ಕಡುಹಸಿರು. ಬಿಟ್ಟಿದ್ದು ಇನ್ನೂ ಬೆರಳುದ್ದವೇ. ಅತ್ತೆಯೇ ಬೇಲಿಯಾಚೆ ಕೂಗಿದರು: "ನಿರ್ಮಲಮ್ಮ, ಬಾರೇ ಇಲ್ಲಿ! ನಮ್ ರುದ್ರಾಣಿ ಓದು ಹೆಂಗೈತೆ ನೋಡು!" ಡಿಗ್ರಿ ಕೈಗೆ ಬಂದ ದಿನವೂ ನಾನು ಇಷ್ಟು ಹಿಗ್ಗಿರಲಿಲ್ಲ.

"ಇದೊಂದಕ್ಕೆ ಯಾಕೆ ಹಾಕಿಲ್ಲ?" ಎಂದು ಅತ್ತೆ ಹತ್ತನೆಯ ಡಬ್ಬಿ ತೋರಿಸಿದರು.

"ಸಾಕ್ಷಿಗೆ ಇರಲಿ ಅಂತ ಅತ್ತೆ."

"ಸಾಕ್ಷಿಗೋಸ್ಕರ ಒಂದು ಕೂಸನ್ನ ಉಪಾಸ ಕೆಡವ್ತಾರೇನೇ?"

ನಮ್ಮ ಲೆಕ್ಚರರ್ ಇದ್ದಿದ್ದರೆ ಮುಟ್ಟಬೇಡ ಎನ್ನುತ್ತಿದ್ದರು. ಸಂಜೆ ಅದಕ್ಕೂ ಮರದ ಬುಡದ ಮಣ್ಣು ಒಂದು ಹಿಡಿ ಹಾಕಿಬಿಟ್ಟೆ. ಇನ್ನು ತೋರಿಸಲು ಸಾಕ್ಷಿಯಿಲ್ಲ. ಇರಲಿ, ಅತ್ತೆ ಕಣ್ಣಾರೆ ಕಂಡಿದ್ದಾರಲ್ಲ. ಅವರು ಒಮ್ಮೆ ಬಾಯಿಬಿಟ್ಟರೆ ಊರಿಗೆಲ್ಲ ಗೊತ್ತಾದ ಹಾಗೇ.