ಹೊರಟವರನ್ನು ಕೇಳಬಾರದ ಪ್ರಶ್ನೆ

ಹಳೇಕೋಟೆ
18-2-2004

ಚಿ. ಸೌಜನ್ಯಳಿಗೆ,

ನಿನ್ನ ಸೋದರಮಾವ ಪುಟ್ಟಸ್ವಾಮಿಯ ಆಶೀರ್ವಾದ. ಇಲ್ಲಿ ನಾನು, ನಿನ್ನ ಅತ್ತೆ ಲಕ್ಕಮ್ಮ, ಮಗ ಮನು, ಎರಡು ಎಮ್ಮೆ ಎಲ್ಲರೂ ಚೆನ್ನಾಗಿದ್ದೇವೆ. ನೀನೂ ಮೈಸೂರಿನ ಹಾಸ್ಟೆಲ್ಲಿನಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀಯೆಂದು ನಂಬಿದ್ದೇನೆ. ಈ ಮನೆ ಬಿಟ್ಟು ಹೋದ ಮೂರು ವರ್ಷಕ್ಕೆ ನೀನು ಮೊದಲ ಸಲ ಬರೆದ ಕಾಗದಕ್ಕೆ ನಲವತ್ತು ದಿನ ಉತ್ತರ ಕೊಡದೆ ಕೂತದ್ದು ತಪ್ಪೇ. ಆದರೆ ಬರೆದರೆ ಗೆದ್ದೇ ಬರೆಯಬೇಕೆಂದು ಹಟ ತೊಟ್ಟಿದ್ದೆ.

ಗೆದ್ದೆ ಕಣವ್ವ! ಏಳನೇ ಕ್ಲಾಸಿನ ಪುಟ್ಟಸ್ವಾಮಿ ಸ್ಪೇನ್ ದೇಶದ ಹೆಂಗಸಿನ ಹತ್ತಿರ ಸ್ಪ್ಯಾನಿಷ್ಷಿನಲ್ಲಿ ಮಾತಾಡಿದ. ಹೊಳೆನರಸೀಪುರ ತಾಲ್ಲೂಕಿನಲ್ಲಿ ಇನ್ನೊಬ್ಬನಿದ್ದರೆ ಕರೆದುಕೊಂಡು ಬಾ, ಮೀಸೆ ತೆಗೆಸುತ್ತೇನೆ.

ನೀನು ಹೋದ ಮೇಲೆ ಇಲ್ಲಿ ಎಲ್ಲರೂ ಕಂಪನಿಗೆ ಮಿಡಿಸೌತೆ ಬೆಳೆಯುತ್ತಿದ್ದೇವೆ. ಅದು ಉಪ್ಪುನೀರಿನ ಡ್ರಮ್ಮಿನಲ್ಲಿ ಕೂತು ಸ್ಪೇನಿಗೆ ಹೋಗುತ್ತದೆ. ಕೊಳ್ಳುವ ಯಜಮಾನಿಯೇ ಹೊಲ ನೋಡಲು ಬರುತ್ತಾಳೆಂದು ಸುದ್ದಿ ಬಂತು. ಕಂಪನಿಯ ಫೀಲ್ಡ್ ಆಫೀಸರ್ ಮುರಳೀಕೃಷ್ಣ, “ಯಾರೂ ಮಾತಾಡ್ಬೇಡಿ, ನಗ್ತಾ ನಿಂತ್ಕೊಳ್ಳಿ ಸಾಕು” ಎಂದ. ನನಗೆ ಉರಿದುಹೋಯಿತು. ಹೊಲ ನನ್ನದು, ಬಗ್ಗಿದ ಬೆನ್ನು ನನ್ನದು, ನಾಲಿಗೆ ಮಾತ್ರ ಇವನದೇ? ನೀನು ಸಂಜೆ ಸ್ಪ್ಯಾನಿಷ್ ಕ್ಲಾಸಿಗೆ ಹೋಗುತ್ತೀಯೆಂದು ಅರಕಲಗೂಡಿನಿಂದ ನಿನ್ನ ಅಮ್ಮ ಹೇಳಿದ್ದಳು. ಅದಕ್ಕೇ ನಾಚಿಕೆ ಬಿಟ್ಟು ನಿನಗೆ ಕಾರ್ಡು ಹಾಕಿದ್ದು.

ನೀನು ಕಳಿಸಿದ ಹದಿಮೂರು ಪ್ರಶ್ನೆ ಈಗ ನನಗೆ ಬಾಯಿಪಾಠ. ಅವರು ಪ್ರಶ್ನೆಯ ಹಿಂದೊಂದು, ಮುಂದೊಂದು ಗುರುತು ಹಾಕುತ್ತಾರೆ, ಮುಂದಿನದು ತಲೆಕೆಳಗು ಎಂದು ಬರೆದಿದ್ದೆಯಲ್ಲ, ಅದು ನನಗೆ ಬಹಳ ಹಿಡಿಸಿತು. ನೆಂಟರು ಒಳಗೆ ಬರುವ ಮುಂಚೆ ಬಾಗಿಲಲ್ಲಿ ಕೆಮ್ಮುತ್ತಾರಲ್ಲ, ಹಾಗೆ. ಕಳೆ ಕೀಳುವಾಗ, ಹುಲ್ಲು ಹಾಕುವಾಗ, ಎಲ್ಲಾ ಹೊತ್ತಿನಲ್ಲೂ ಅಭ್ಯಾಸ ಮಾಡಿದೆ. ಲಕ್ಕಮ್ಮ, “ನಿಮ್ ಪ್ರಶ್ನೆಗೆ ಎದ್ರುಕೊಂಡು ಎಮ್ಮೆ ಆಲೇ ಇಳಿಸ್ತಿಲ್ಲ, ಸುಮ್ಕಿರಿ” ಎಂದು ಬೈದಳು.

ಸೋಮವಾರ ಕಾರು ಬಂತು. ಟೋಪಿ ಹಾಕಿದ ಎತ್ತರದ ಹೆಂಗಸು ಇಳಿದಳು. ಮುರಳೀಕೃಷ್ಣ ಬಾಯಿ ತೆರೆಯುವ ಮುಂಚೆಯೇ ನಾನು ಮುಂದೆ ಹೋಗಿ ಕೆಮ್ಮಿ, “¿ಕೋಮೊ ಸೆ ಯಾಮಾ?” ಎಂದೆ, ಹೆಸರೇನು ಎಂದು. ಆಕೆ ಎದೆ ಮುಟ್ಟಿಕೊಂಡು “ಪಿಲಾರ್!” ಎಂದಳು. ಊರಿಗೆ ಊರೇ ಹೋ ಎಂದಿತು! ಮಕ್ಕಳೆಷ್ಟು ಎಂದೆ, ಎರಡು ಬೆರಳು ತೋರಿಸಿದಳು. ಮುರಳೀಕೃಷ್ಣನ ಮುಖ ಹಾಗಲಕಾಯಿ ಕಚ್ಚಿದಂತಾಯಿತು.

ಪಕ್ಕದ ಹೊಲದ ಲಕ್ಕಯ್ಯ ನನ್ನ ಪಕ್ಕೆ ತಿವಿದ. “ಲೇ ಪುಟ್ಟಸ್ವಾಮಿ, ಬೆಳ್ಳುದ್ದ ಕಾಯೇ ಯಾಕ್ ಬೇಕು ಕೇಳ್ಲಾ. ಎರಡ್ ದಿನ ಬುಟ್ರೆ ಮೊಳಕೈಯುದ್ದ ಆಯ್ತದೆ, ಆಮೇಲ್ ತಗಳಕ್ಕಿಲ್ಲ ಅಂತಾರೆ!”

ಕೇಳಿದೆ. ಆಕೆಗೆ ಎಷ್ಟು ಖುಷಿಯಾಯಿತೆಂದರೆ, ಕೈ ಬಾಯಿ ಆಡಿಸುತ್ತ ಅರ್ಧ ಪುರಾಣ ಹೇಳಿದಳು. ಆಗ ಹೊಳೆಯಿತು ನೋಡು: ನೀನು ಕೇಳುವುದನ್ನು ಕಲಿಸಿದ್ದೀಯ, ಉತ್ತರ ತಿಳಿಯುವುದನ್ನು ಕಲಿಸಿಯೇ ಇಲ್ಲ! ಮೂವತ್ತು ಜನ ನನ್ನ ಬಾಯನ್ನೇ ನೋಡುತ್ತಿದ್ದಾರೆ. ನಾನು ಬಿಡುತ್ತೇನೆಯೇ?

“ಅವರ ದೇಶದಲ್ಲಿ ಬಾಯಿ ಸಣ್ಣದಂತೆ ಕಣ್ಲಾ.”

ಲಕ್ಕಯ್ಯ ಆಕೆಯ ಮುಖ ದಿಟ್ಟಿಸಿದ. “ಈಯಮ್ಮಂದು ದೊಡ್ಡದಾಗೇ ಅದಲ್ಲ?”

“ಅದ್ಕೇ ಮಾತಾಡಕ್ಕೆ ಇವ್ರನ್ನ ಕಳ್ಸವ್ರೆ!”

ಆಮೇಲೆ ಊಟ ಆಯಿತೇ ಎಂದು ಕೇಳಿದೆ, “¿ಯಾ ಕೋಮ್ಯೋ?” ಆಕೆ “ನೋ” ಎಂದಳು. ಆ ಒಂದು ಉತ್ತರ ನನಗೆ ಅರ್ಥವಾಯಿತು. “ಟೈಮಿಲ್ಲ, ಟೈಮಿಲ್ಲ” ಎಂದು ಮುರಳೀಕೃಷ್ಣ ಬಡಿದುಕೊಳ್ಳುತ್ತಿದ್ದರೂ ಮನೆಗೆ ಕರೆತಂದೆ. ಲಕ್ಕಮ್ಮ ಮುದ್ದೆ, ಬಸ್ಸಾರು ಬಡಿಸಿ, “ಅಗೀಬ್ಯಾಡಿ ಕಣವ್ವ, ನುಂಗಿ” ಎಂದು ಕನ್ನಡದಲ್ಲೇ ಪಾಠ ಮಾಡಿದಳು. ಆಕೆ ನುಂಗಿದಳು.

ಕೈ ತೊಳೆದು ಹೊರಟಾಗ ಲಕ್ಕಯ್ಯ ಮತ್ತೆ ತಿವಿದ. “ಇನ್ನೆಲ್ಲಿಗ್ ಓಯ್ತಾರಂತೆ ಕೇಳ್ಲಾ.”

ಅದೂ ಕಾಗದದಲ್ಲಿತ್ತು, ಹತ್ತನೆಯದು. ಆದರೆ ಬಾಯಿ ಬರಲಿಲ್ಲ. ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದಲ್ಲವೇ? ನೀನು ಐದು ವರ್ಷದವಳಾಗಿ ಓದಲು ಈ ಮನೆಗೆ ಬಂದ ಹೊಸದರಲ್ಲಿ, ಸಂತೆಗೆ ಹೊರಟ ನನ್ನನ್ನು “ಎಲ್ಲಿಗ್ ಮಾವ?” ಎಂದುಬಿಟ್ಟಿದ್ದೆ. ನಾನು ವಾಪಸು ಬಂದು, ಕೂತು, ನೀರು ಕುಡಿದು, ನಿನಗೆ ಬುದ್ಧಿ ಹೇಳಿ ಮತ್ತೆ ಹೊರಟಿದ್ದೆ. ಆಮೇಲೆ ನೀನು ಯಾರನ್ನೂ ಹಾಗೆ ಕೇಳಲಿಲ್ಲ.

ಕಾರು ಹೋಯಿತು. ತಟ್ಟೆ ತೊಳೆಯುತ್ತಿದ್ದ ಲಕ್ಕಮ್ಮ ತಲೆ ಎತ್ತದೆ, “ಅವತ್ತೂ ಇಂಗೇ ನಿಂತಿದ್ರಿ” ಎಂದಳು.

“ಶಾಸ್ತ್ರ ಕಣೆ” ಎಂದೆ.

ಇರಲಿ. ಈಗ ಊರಿನವರು ನನ್ನನ್ನು ಸ್ಪೇನ್ ಪುಟ್ಟಸ್ವಾಮಿ ಎನ್ನುತ್ತಾರೆ. ಮನುವಿಗೆ ಚನ್ನರಾಯಪಟ್ಟಣದ ಹೆಣ್ಣು ಗೊತ್ತಾಗಿದೆ, ಅವನೇ ಮೆಚ್ಚಿದ್ದು. ನಿನ್ನ ಓದು ನಿನ್ನ ಕೈಹಿಡಿಯಲಿ, ನೂರು ವರ್ಷ ನಗುತ್ತಿರು ತಾಯಿ.

ಇಂತಿ ನಿನ್ನ ಮಾವ,
ಪುಟ್ಟಸ್ವಾಮಿ

ಕಾಗದ ಮಡಿಸಿದ ಮೇಲೆ ಬರೆದದ್ದು: ಮೂರು ವರ್ಷದ ಹಿಂದೆ ನೀನು ಚೀಲ ಹಿಡಿದು ಮೆಟ್ಟಿಲಿಳಿದಾಗ ನಾನು ಜಗಲಿಯಲ್ಲೇ ಇದ್ದೆ. ನೀನು ಒಂದು ಗಳಿಗೆ ನಿಂತೆ. ಎಲ್ಲಿಗೆಂದು ನಾನು ಕೇಳಲಿ ಎಂದೇ ನಿಂತೆ. ಶಾಸ್ತ್ರಕ್ಕೆ ಸುಮ್ಮನಿದ್ದೆನೆಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದೇನೆ. ಸುಳ್ಳು ಕಣವ್ವ. ಕೇಳಿದರೆ “ನೀವಿಲ್ಲದ ಕಡೆಗೆ” ಎಂದುಬಿಡುತ್ತೀಯೆಂದು ಹೆದರಿದ್ದೆ. ಅದಕ್ಕೂ ಮುಂಚೆ ಕೇಳಬೇಕಾದದ್ದು ಇನ್ನೊಂದಿತ್ತು: ಮನುವನ್ನು ಮದುವೆಯಾಗಲು ನಿನಗೆ ಇಷ್ಟವೇ ಎಂದು. ಅಕ್ಕನ ಮಗಳು, ಕೇಳುವುದೇನು ಎಂದು ವೀಳ್ಯ ಬದಲಾಯಿಸಿಬಿಟ್ಟೆ. ನಿನ್ನ ಪಟ್ಟಿಯ ಹದಿಮೂರನೆಯದರ ಕೆಳಗೆ ‘ಮನೆಯವರನ್ನು ಮಾತ್ರ ಹೀಗೆ ಕೇಳಬೇಕು’ ಎಂದು ಬರೆದಿದ್ದೀಯ. ಪಿಲಾರಮ್ಮನ ಹತ್ತಿರ ಅದನ್ನು ಕೇಳಲಿಲ್ಲ, ಇಟ್ಟುಕೊಂಡಿದ್ದೇನೆ. ಬಾಗಿಲಲ್ಲಿ ನಿಂತು ಕೆಮ್ಮುತ್ತಿದ್ದೇನೆ, ಕೇಳಿಸಿಕೊ:

¿ಕ್ವಾಂದೊ ಬ್ವೆಲ್ವೆಸ್? ಯಾವಾಗ ವಾಪಸು ಬರುತ್ತೀಯ?

ಉತ್ತರ ಮಾತ್ರ ಕನ್ನಡದಲ್ಲಿ ಬರಿ.